ಅಕ್ಕನ ಎದೆಬಡಿತ, ಕಿವಿಯ ಕ್ಲಿಪ್ಪು: ಒಂದು ಪ್ರಕರಣ

ಅಕ್ಕ ಕಿವಿಗೆ ಸಣ್ಣಗೆ ಕರೆಂಟ್ ಕೊಡೋ ಕ್ಲಿಪ್ ಹಾಕ್ಕೊಳ್ಳೋಕೆ ಶುರು ಮಾಡಿ ಮೂರು ವಾರ ಆಗಿತ್ತು. "ನಿದ್ದೆ ಎಷ್ಟು ಚೆನ್ನಾಗಿ ಬರ್ತಿದೆ ಗೊತ್ತೇನೇ, ಎದೆ ಹೊಡ್ಕೊಳ್ಳೋದೂ ಅರ್ಧಕ್ಕರ್ಧ ಕಮ್ಮಿಯಾಗಿದೆ" ಅಂದ್ಲು. ಅದೇ ರಾತ್ರಿ ಕೂತು ಓದ್ತಾ ಇದ್ದಾಗ ನಂಗೆ ಗೊತ್ತಾಗಿದ್ದು, ಮೂರು ವಾರದಿಂದ ನಾವು ಕ್ಲಿಪ್ ಹಾಕ್ತಾ ಇದ್ದ ಜಾಗಕ್ಕೂ, ಆ ಕರೆಂಟ್ ಮುಟ್ಟಬೇಕಿದ್ದ ವೇಗಸ್ ಅನ್ನೋ ನರಕ್ಕೂ ಸಂಬಂಧಾನೇ ಇಲ್ಲ ಅಂತ. ಇದನ್ನ ಬರೀಲೇಬೇಕು ಅನ್ನಿಸಿದ್ದು ಅದಕ್ಕೆ. ಅಕ್ಕನ್ನ ಕೇಳೇ ಬರೀತಿದೀನಿ, ಹೆಸರು ಮಾತ್ರ ಬೇಡ ಅಂದಿದಾಳೆ.

ಮೊದಲಿಂದ ಹೇಳ್ತೀನಿ. ಅಕ್ಕಂಗೆ 54 ವರ್ಷ. ಬಿಪಿ ಇದೆ, ಏಳು ವರ್ಷದಿಂದ ಮಾತ್ರೆ ತಗೋತಾಳೆ, ಶುಗರ್ ಇಲ್ಲ, ಥೈರಾಯ್ಡ್ ಸರಿ ಇದೆ. ವರ್ಷದ ಹಿಂದೆ ಒಂದು ಬೆಳಗಿನ ಜಾವ ಎದೆ ಡವಡವ ಅಂತ ಎದ್ದವಳಿಗೆ ಎರಡು ಗಂಟೆ ಆದ್ರೂ ನಿಲ್ಲಲಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಇಸಿಜಿ ತೆಗೆದಾಗ ಏಟ್ರಿಯಲ್ ಫಿಬ್ರಿಲೇಷನ್ ಅಂತ ಗೊತ್ತಾಯ್ತು, ಎಲ್ಲರೂ ಎಎಫ್ ಅಂತಾರಲ್ಲ ಅದು. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಿಗೆ ಹಿಂಡಿಕೊಳ್ಳೋ ಬದಲು ಸುಮ್ಮನೆ ನಡುಗ್ತಾ ಇರತ್ತೆ, ನಾಡಿ ಲಯ ತಪ್ಪಿ ಅಡ್ಡಾದಿಡ್ಡಿ ಓಡತ್ತೆ. ಅಕ್ಕಂದು ಬಂದು ತಾನಾಗೇ ಹೋಗೋ ಥರದ್ದು. ಎಕೋದಲ್ಲಿ ಹೃದಯ ಚೆನ್ನಾಗೇ ಇತ್ತು. ಬಡಿತ ನಿಧಾನ ಮಾಡೋಕೆ ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದ ಹಾಗೆ ದಿನಕ್ಕೆರಡು ಸಲ ಅಪಿಕ್ಸಬಾನ್ ಕೊಟ್ರು. ನಡುಗೋ ಕೋಣೆಯಲ್ಲಿ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟಿ ಅದು ಮೆದುಳಿಗೆ ಹೋದ್ರೆ ಸ್ಟ್ರೋಕ್, ಈ ಕಾಯಿಲೆಯಲ್ಲಿ ನಿಜವಾಗಿ ಹೆದರಬೇಕಾದ್ದು ಅದಕ್ಕೆ, ಡವಡವಕ್ಕಲ್ಲ.

ಅಕ್ಕಂಗೆ ಮಾತ್ರೆ ಅಂದ್ರೆ ಆಗಲ್ಲ. ಮೆಟೊಪ್ರೊಲಾಲಿಂದ ಸುಸ್ತು, ಅಪಿಕ್ಸಬಾನಿಂದ ಸಣ್ಣ ಏಟಿಗೂ ಮೈಮೇಲೆ ನೀಲಿ ಕಲೆ. ಹಿಂಗಿರೋವಾಗ ಯಾರೋ ಕಳಿಸಿದ ವೀಡಿಯೋ ನೋಡಿದ್ಲು, ಕಿವಿಗೆ ಕ್ಲಿಪ್ ಹಾಕಿ ವೇಗಸ್ ನರಾನ ಎಬ್ಬಿಸಿದ್ರೆ ಹೃದಯ, ಹೊಟ್ಟೆ, ನಿದ್ದೆ, ಮನಸ್ಸು ಎಲ್ಲ ಸರಿಹೋಗತ್ತೆ ಅಂತ. ನಂಗೆ ಹೇಳೋ ಮೊದಲೇ ಮಷೀನ್ ತರಿಸಿಯಾಗಿತ್ತು. ನಾನು ಫಿಸಿಯೋಥೆರಪಿಸ್ಟ್, ನೋವಿಗೆ ಚರ್ಮದ ಮೇಲಿಂದ ಕರೆಂಟ್ ಕೊಡೋ ಟೆನ್ಸ್ ಮಷೀನು ದಿನಾ ಕೈಯಲ್ಲಿ ಹಿಡಿಯೋಳು, "ನೀನೇ ಹಾಕಿಕೊಡು, ಇದು ಸರಿಹೋದ್ರೆ ಮಾತ್ರೆ ಎಲ್ಲ ಬಿಟ್ಬಿಡ್ತೀನಿ" ಅಂದ್ಲು.

ಎಲ್ಲ ಸುಳ್ಳು ಅಂತ ತಳ್ಳಿಹಾಕೋ ಹಾಗಿರಲಿಲ್ಲ, ಯಾಕಂದ್ರೆ ನರ ನಿಜ. ತಲೆಬುರುಡೆಯಿಂದ ಹೊರಡೋ ಹನ್ನೆರಡು ಜೋಡಿ ನರಗಳಲ್ಲಿ ವೇಗಸ್ ಹತ್ತನೇದು, ಆ ಲ್ಯಾಟಿನ್ ಹೆಸರಿನ ಅರ್ಥಾನೇ ಅಲೆಮಾರಿ ಅಂತ. ಮೆದುಳಿನ ಬುಡದಿಂದ ಕತ್ತಿಗಿಳಿದು ಹೃದಯ, ಶ್ವಾಸಕೋಶ, ಜಠರ, ಕರುಳಿನ ಬಹುಭಾಗದ ತನಕ ಸುತ್ತಿ ಬರತ್ತೆ. ಇದು ಮೆದುಳಿನ ಆರ್ಡರ್ ಒಯ್ಯೋ ತಂತಿ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಆದ್ರೆ ಇದರ ಎಳೆಗಳಲ್ಲಿ ಸುಮಾರು 80 ಪರ್ಸೆಂಟ್ ಮೈಯಿಂದ ಮೆದುಳಿಗೆ ಸುದ್ದಿ ಒಯ್ಯೋವು. ಹಂಗಾಗಿ ಹೊರಗಿಂದ ಈ ನರಕ್ಕೆ ಕರೆಂಟ್ ಕೊಟ್ರೆ ಮೆದುಳಿಗೆ ಮುಟ್ಟತ್ತೆ ಅನ್ನೋದು ಮೂಢನಂಬಿಕೆ ಅಲ್ಲ. ಎದೆಯಲ್ಲಿ ಚರ್ಮದಡಿ ಮಷೀನಿಟ್ಟು ಕತ್ತಿನ ವೇಗಸ್‌ಗೆ ತಂತಿ ಸುತ್ತೋ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಮೂರ್ಛೆರೋಗಕ್ಕೆ, 2005ರಲ್ಲಿ ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ, 2021ರಲ್ಲಿ ಸ್ಟ್ರೋಕ್ ಆದವರ ಕೈ ಚಲನೆಗೆ ಒಪ್ಪಿಗೆ ಕೊಟ್ಟಿದೆ. ಕೆವಿನ್ ಟ್ರೇಸಿ ಅನ್ನೋ ವಿಜ್ಞಾನಿಯ ತಂಡ 2000ದಲ್ಲಿ ಇಲಿಗಳ ವೇಗಸ್‌ಗೆ ಕರೆಂಟ್ ಕೊಟ್ಟು ಉರಿಯೂತದ ರಾಸಾಯನಿಕ ಇಳಿಯೋದನ್ನ ತೋರಿಸಿತ್ತು.

ಕಿವಿಗೂ ಇದಕ್ಕೂ ಏನು ಸಂಬಂಧ? ಕಿವಿಯೊಳಗೆ ಕಡ್ಡಿ ಹಾಕಿದ್ರೆ ಕೆಲವರಿಗೆ ಥಟ್ಟನೆ ಕೆಮ್ಮು ಬರತ್ತಲ್ಲ, ಅದೇ ಸಂಬಂಧ. ವೇಗಸ್‌ನ ಒಂದು ಸಣ್ಣ ಕವಲು ಹೊರಕಿವಿಯ ಚರ್ಮಕ್ಕೆ ಬರತ್ತೆ, ಜರ್ಮನ್ ಅಂಗರಚನಾ ತಜ್ಞ ಫ್ರೀಡ್ರಿಕ್ ಆರ್ನಾಲ್ಡ್ ಹೆಸರಲ್ಲಿ ಆರ್ನಾಲ್ಡ್ ನರ ಅಂತಾರೆ. ಇಡೀ ಮೈಯಲ್ಲಿ ಈ ನರ ಚರ್ಮದ ಮಟ್ಟಕ್ಕೆ ಬಂದು ಕೈಗೆ ಸಿಗೋದು ಕಿವಿಯಲ್ಲಿ ಮಾತ್ರ.

ಮಷೀನ್ ಆನ್ ಮಾಡೋ ಮೊದಲು ಅವಳ ಹಾರ್ಟ್ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವರು ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ, ಆದ್ರೆ ನಾನು ಯೋಚನೆ ಮಾಡದೇ ಇದ್ದ ಒಂದು ಮಾತು ಹೇಳಿದ್ರು. ವೇಗಸ್ ಜಾಸ್ತಿ ಕೆಲಸ ಮಾಡಿದಷ್ಟೂ ಹೃದಯಕ್ಕೆ ಒಳ್ಳೇದು ಅನ್ನೋ ಲೆಕ್ಕ ಎಎಫ್‌ನಲ್ಲಿ ನಡೆಯಲ್ಲವಂತೆ. ಜೋರಾಗಿ ಪ್ರಚೋದಿಸಿದ್ರೆ ಮೇಲಿನ ಕೋಣೆಗಳ ಸ್ನಾಯು ಒಂದು ಬಡಿತದಿಂದ ಇನ್ನೊಂದಕ್ಕೆ ತಗೊಳ್ಳೋ ವಿಶ್ರಾಂತಿ ಸಮಯ ಕಮ್ಮಿಯಾಗಿ ಎಎಫ್ ಸುಲಭವಾಗಿ ಹತ್ಕೊಳ್ಳತ್ತೆ, ಲ್ಯಾಬಿನಲ್ಲಿ ಪ್ರಾಣಿಗಳಿಗೆ ಎಎಫ್ ಬರಿಸೋಕೆ ಹಂಗೇ ಮಾಡ್ತಾರೆ. ಕೆಲವರಿಗೆ ನಿದ್ದೆಯಲ್ಲಿ, ಊಟ ಆದ್ಮೇಲೆ ಬರೋ ಎಎಫ್‌ಗೂ ವೇಗಸ್ಸೇ ಕಾರಣ. ನಾಡಿ ಬಡಿತ ನಿಧಾನ ಆಗದಷ್ಟು ಕಮ್ಮಿ ಕರೆಂಟಲ್ಲಿ ಕೊಟ್ಟಾಗ ಮಾತ್ರ ಉಲ್ಟಾ, ರಕ್ಷಣೆ ಸಿಗತ್ತೆ ಅಂತ ಕಾಣತ್ತೆ. ಅಕ್ಕಂಗೆ ಪೇಸ್‌ಮೇಕರ್ ಇಲ್ಲ, ಹೃದಯದ ವಿದ್ಯುತ್ ದಾರಿಯಲ್ಲಿ ಬ್ಲಾಕ್ ಇಲ್ಲ, ಹಂಗಾಗಿ ಒಪ್ಪಿದ್ರು, ಷರತ್ತು ಹಾಕಿ. ಒಂದೂ ಮಾತ್ರೆ ಬಿಡೋಹಾಗಿಲ್ಲ. ನಾಡಿ 50ಕ್ಕಿಂತ ಕೆಳಗೆ ಬಂದ್ರೆ ಅಥವಾ ತಲೆ ತಿರುಗಿದ್ರೆ ನಿಲ್ಲಿಸಬೇಕು. ಎದೆ ಹೊಡ್ಕೊಂಡಾಗೆಲ್ಲ ಕೈಯಲ್ಲಿ ಹಿಡಿಯೋ ಇಸಿಜಿ ಮಷೀನಲ್ಲಿ 30 ಸೆಕೆಂಡ್ ರೆಕಾರ್ಡ್ ಮಾಡಿ, ಹೊತ್ತು ಬರೆದಿಡಬೇಕು. "ಅನ್ನಿಸಿದ್ದನ್ನ ಬರೀಬೇಡಿ, ಇಸಿಜಿಯಲ್ಲಿ ಬಂದಿದ್ದನ್ನ ಬರೀರಿ" ಅಂದ್ರು. ಕೊನೆಗೆ ನಮ್ಮನ್ನ ಕಾಪಾಡಿದ್ದು ಆ ಡೈರಿನೇ.

ಕ್ಲಿಪ್ ಇಲ್ಲದೇ ಎರಡು ವಾರ ಬರೆದಿಟ್ವಿ. ಆರು ಸಲ ಎಎಫ್, ಎಲ್ಲಕ್ಕಿಂತ ಉದ್ದದ್ದು 3 ಗಂಟೆ 10 ನಿಮಿಷ. ಅಕ್ಕಂಗೆ ಆ ಎರಡು ವಾರ ಕಾಯೋದೇ ಕಷ್ಟ ಆಯ್ತು, ಮಷೀನ್ ಮನೇಲಿಟ್ಕೊಂಡು ಯಾಕೆ ಕಾಯ್ಬೇಕು ಅಂತ.

ಆಮೇಲೆ ಶುರು ಮಾಡಿದ್ವಿ. ಮಷೀನ್ ಜೊತೆ ಬಂದ ಚೀಟಿಯಲ್ಲಿ ಎಡಗಿವಿ ಹಾಲೆಗೆ ಕ್ಲಿಪ್ ಹಾಕಿದ ಚಿತ್ರ ಇತ್ತು, ನಾನು ಅದನ್ನ ನೋಡಿ ಹಾಲೆಗೇ ಹಾಕಿದೆ. ದಿನಾ ರಾತ್ರಿ ಒಂದು ಗಂಟೆ. ಬೆನ್ನು, ಮಂಡಿ, ಭುಜಕ್ಕೆ ಎಲೆಕ್ಟ್ರೋಡ್ ಎಲ್ಲಿಡಬೇಕು ಅಂತ ಕಣ್ಣು ಮುಚ್ಚಿ ಹೇಳ್ತೀನಿ, ಕಿವಿಯ ನರಗಳ ನಕ್ಷೆ ಮಾತ್ರ ತೆಗೆದು ನೋಡಿರಲಿಲ್ಲ, ಅದು ನನ್ನ ತಪ್ಪು. ಮೂರನೇ ವಾರದ ಕೊನೆಗೆ ಅಕ್ಕ ಅಷ್ಟು ಖುಷಿಯಾಗಿ ಹೇಳಿದ್ಮೇಲೆ ಇನ್ನೂ ಸರಿಯಾಗಿ ತಿಳ್ಕೊಳ್ಳೋಣ ಅಂತ ಓದೋಕೆ ಕೂತೆ.

2002ರಲ್ಲಿ ಪ್ಯೂಕರ್ ಮತ್ತು ಫಿಲ್ಲರ್ ಅನ್ನೋ ಇಬ್ಬರು ಏಳು ಮೃತದೇಹಗಳ 14 ಕಿವಿಗಳನ್ನ ಬಿಡಿಸಿ ಯಾವ ಜಾಗಕ್ಕೆ ಯಾವ ನರ ಅಂತ ಬರೆದಿದಾರೆ. ಕಿವಿ ತೂತಿನ ಮೇಲ್ಗಡೆ ಒಂದು ಸಣ್ಣ ಬಟ್ಟಲಿನ ಹಾಗೆ ಗುಳಿ ಇರತ್ತಲ್ಲ, ಸಿಂಬಾ ಕಾಂಕಾ ಅಂತಾರೆ, ಅಲ್ಲಿ ಎಲ್ಲ ಕಿವಿಯಲ್ಲೂ ವೇಗಸ್ ಒಂದೇ. ತೂತಿನ ಮುಂದೆ ಬಾಗಿಲ ಥರ ಇರೋ ಉಬ್ಬು, ಟ್ರೇಗಸ್, ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಕಿವಿಗಳಲ್ಲಿ ಸಿಕ್ಕಿದೆ. ಹಾಲೆಯಲ್ಲಿ? ಇಲ್ಲವೇ ಇಲ್ಲ, ಅಲ್ಲಿರೋದು ಕತ್ತಿನ ಬೆನ್ನುಹುರಿಯಿಂದ ಬರೋ ಬೇರೆ ನರ. ಅಷ್ಟೇ ಅಲ್ಲ, ಸಂಶೋಧನೆ ಮಾಡೋರು ಸುಳ್ಳು ಚಿಕಿತ್ಸೆ ಕೊಡೋ ಗುಂಪಿಗೆ ಬೇಕಂತಲೇ ಕ್ಲಿಪ್ ಹಾಕೋ ಜಾಗಾನೇ ಹಾಲೆ! ಚರ್ಮ ಜುಮ್ ಅನ್ನತ್ತೆ, ಹಾಕ್ಕೊಂಡವರಿಗೆ ನಿಜದ್ದು ಅನ್ನಿಸತ್ತೆ, ವೇಗಸ್‌ಗೆ ಮಾತ್ರ ಮುಟ್ಟಲ್ಲ.

ಡೈರಿ ತೆಗೆದು ಎಣಿಸಿದೆ. ಆ ಮೂರು ವಾರದಲ್ಲಿ ಎಂಟು ಸಲ ಎಎಫ್. ಮೊದಲು ವಾರಕ್ಕೆ ಮೂರು, ಈಗ ಎರಡೂಮುಕ್ಕಾಲು ಹತ್ರ. ಅರ್ಧಕ್ಕರ್ಧ ಎಲ್ಲಿ ಕಮ್ಮಿಯಾಗಿದೆ? ಅಕ್ಕ ಸುಳ್ಳು ಹೇಳ್ತಿರಲಿಲ್ಲ. ದಿನಾ ಒಂದು ಗಂಟೆ ಫೋನ್ ಪಕ್ಕಕ್ಕಿಟ್ಟು, ದೀಪ ಸಣ್ಣ ಮಾಡಿ, ಒರಗಿ ಕೂತು ನಿಧಾನವಾಗಿ ಉಸಿರಾಡ್ತಿದ್ಲು, ಅವಳ ಕಾಯಿಲೆಯನ್ನ ಒಬ್ಬರು ಕೂತು ಗಮನ ಕೊಟ್ಟು ನೋಡ್ತಿದ್ರು, ಅಷ್ಟಕ್ಕೇ ಮನಸ್ಸು ಹಗುರಾಗಿತ್ತು. ನಿಮಿಷಕ್ಕೆ ಆರು ಸಲದ ಹಾಗೆ ನಿಧಾನವಾಗಿ ಉಸಿರಾಡಿದ್ರೆ, ಉಸಿರು ಬಿಡೋವಾಗ ವೇಗಸ್ ತಾನಾಗೇ ಬಡಿತ ತಗ್ಗಿಸತ್ತೆ, ಅದಕ್ಕೆ ಮಷೀನ್ ಬೇಕಾಗೂ ಇಲ್ಲ. ಆ ನೆಮ್ಮದಿ ಸುಳ್ಳಲ್ಲ, ಅದನ್ನ ನಾನು ಕಮ್ಮಿ ಮಾಡಿ ಹೇಳಲ್ಲ.

ಹೇಳೋದಾ ಬೇಡವಾ ಅಂತ ಒಂದಿಡೀ ದಿನ ಒದ್ದಾಡಿದೆ. ಸುಮ್ನೆ ಜಾಗ ಬದಲಾಯಿಸಿ ಹಾಕಿದ್ರೆ ಅವಳಿಗೆ ಗೊತ್ತಾಗದೇ ಹೋಲಿಸಿ ನೋಡಬಹುದಿತ್ತು. ಕೊನೆಗೆ ಹೇಳಿಬಿಡೋಣ ಅಂತ ಹೋದ್ರೆ ಅವಳೇ ಬಾಯಿಬಿಟ್ಳು, "ನೀನು ಬೈಬಾರ್ದು, ಎರಡು ದಿನದಿಂದ ಆ ರಕ್ತ ತೆಳು ಮಾಡೋ ಮಾತ್ರೆ ತಗೊಂಡಿಲ್ಲ ಕಣೇ, ಹೆಂಗೂ ವಾಸಿಯಾಗ್ತಿದೆಯಲ್ಲ" ಅಂತ. ನಂಗೆ ಕೈಕಾಲೇ ಬಿದ್ದುಹೋಯ್ತು. ಆ ಮಾತ್ರೆಯ ಶಕ್ತಿ ಒಂದೆರಡು ದಿನದಲ್ಲೇ ಇಳಿದುಹೋಗತ್ತೆ, ಅದಕ್ಕೇ ದಿನಕ್ಕೆರಡು ಸಲ ಕೊಡೋದು. ವೇಗಸ್‌ಗೆ ಮುಟ್ಟದೇ ಇರೋ ಕ್ಲಿಪ್ಪನ್ನ ನಂಬಿ ಎರಡು ದಿನ ಸ್ಟ್ರೋಕಿಗೆ ಬಾಗಿಲು ತೆಗೆದಿಟ್ಟಂಗಾಗಿತ್ತು. ಜಾಗ ಸರಿ ಇದ್ದಿದ್ರೂ ಅಷ್ಟೇ, ಕಿವಿ ಕ್ಲಿಪ್ಪು ರಕ್ತ ಹೆಪ್ಪುಗಟ್ಟೋದನ್ನ ತಡೆಯತ್ತೆ ಅಂತ ಯಾವ ಟ್ರಯಲ್ಲೂ ತೋರಿಸಿಲ್ಲ. ಎಲ್ಲಾನೂ ಹೇಳಿದೆ. ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ, "ಹಂಗಾದ್ರೆ ನಂಗೆ ಅನ್ನಿಸಿದ್ದು?" ಅಂದ್ಲು. ಅನ್ನಿಸಿದ್ದು ನಿಜಾನೇ ಅಕ್ಕ, ಆದ್ರೆ ಲಯ ತಪ್ಪಿದ್ದನ್ನ ಎಣಿಸೋದು ಬೇರೆ ಅಂದೆ. ಅಲ್ಲೇ ಡಾಕ್ಟ್ರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾತ್ರೆ ಮತ್ತೆ ಶುರು ಮಾಡಿದ್ಲು.

ನಾಲ್ಕನೇ ವಾರದಿಂದ ಟ್ರೇಗಸ್‌ಗೆ ಹಾಕಿದ್ವಿ. ಸಿಂಬಾ ಕಾಂಕಾ ಇನ್ನೂ ಒಳ್ಳೆ ಜಾಗ ಅಂತ ಗೊತ್ತು, ನಮ್ಮ ಕ್ಲಿಪ್ ಆ ಗುಳಿಯಲ್ಲಿ ಕೂರ್ತಾ ಇರಲಿಲ್ಲ, ಮತ್ತೆ ಎಎಫ್ ಬಗ್ಗೆ ನಾನು ಓದಿದ ಟ್ರಯಲ್ ನಡೆದಿದ್ದೂ ಟ್ರೇಗಸ್ ಮೇಲೇನೇ. 2020ರಲ್ಲಿ ಪ್ರಕಟ ಆಗಿದ್ದು, ಅಮೆರಿಕದ ಒಕ್ಲಹೋಮಾದಲ್ಲಿ ಸ್ಟಾವ್ರಾಕಿಸ್ ತಂಡ ಮಾಡಿದ್ದು. ಬಂದು ಹೋಗೋ ಎಎಫ್ ಇರೋ 53 ಜನ, 26 ಜನಕ್ಕೆ ಟ್ರೇಗಸ್‌ಗೆ, 27 ಜನಕ್ಕೆ ಹಾಲೆಗೆ, ದಿನಕ್ಕೆ ಒಂದು ಗಂಟೆ, ಆರು ತಿಂಗಳು. ಕರೆಂಟು ಸೆಕೆಂಡಿಗೆ 20 ಸಲ (20 ಹರ್ಟ್ಜ್), ಒಂದೊಂದು ಪಲ್ಸ್ 200 ಮೈಕ್ರೋಸೆಕೆಂಡ್. ಆರು ತಿಂಗಳಿಗೆ ಟ್ರೇಗಸ್ ಗುಂಪಲ್ಲಿ ಎಎಫ್‌ನಲ್ಲಿ ಕಳೆದ ಹೊತ್ತು ಹಾಲೆ ಗುಂಪಿಗಿಂತ 85 ಪರ್ಸೆಂಟ್ ಕಮ್ಮಿ ಇತ್ತು. ಕೇಳೋಕೆ ತುಂಬಾ ದೊಡ್ಡದು, ನಂಗೂ ಓದಿದಾಗ ಆಸೆ ಆಯ್ತು. ಆದ್ರೆ 53 ಜನ ಅಂದ್ರೆ ಸಣ್ಣ ಟ್ರಯಲ್, ಅದನ್ನ ಮರೀಬಾರದು.

ಕರೆಂಟ್ ಸೆಟ್ ಮಾಡೋ ರೀತಿ ಆ ಟ್ರಯಲ್ಲಿಂದಲೇ ತಗೊಂಡೆ. ಸೊನ್ನೆಯಿಂದ ನಿಧಾನವಾಗಿ ಏರಿಸ್ತಾ ಹೋಗೋದು, ಮೊದಲು ಇರುವೆ ಹರಿದ ಹಾಗೆ ಅನ್ನತ್ತೆ, ಆಮೇಲೆ ಜುಮ್ ಜುಮ್, ಆಮೇಲೆ ಚುಚ್ಚಿದಂಗೆ ಅನ್ನೋಕೆ ಶುರುವಾಗತ್ತೆ, ಅಲ್ಲಿಂದ 1 ಮಿಲಿಆಂಪ್ ಕೆಳಗಿಳಿಸಿ ನಿಲ್ಲಿಸೋದು. ಚರ್ಮ ಒಣಗಿದ್ರೆ ಅದೇ ಕರೆಂಟು ಒಂದೇ ಕಡೆ ಸುಡತ್ತೆ, ಹಂಗಾಗಿ ಪ್ರತಿ ಸಲ ಜಾಗ ಒರೆಸಿ ಜೆಲ್ ಹಚ್ಚಬೇಕು, ಕ್ಲಿಪ್ಪಿನ ಎರಡೂ ಬದಿ ಪೂರ್ತಿ ಚರ್ಮಕ್ಕೆ ತಾಗಿರಬೇಕು. ಎಡಗಿವಿಗೇ ಹಾಕಿದ್ವಿ, ಹೃದಯದ ಬಡಿತ ಹುಟ್ಟೋ ಗಂಟಿಗೆ ಬಲಗಡೆ ವೇಗಸ್ಸೇ ಹೆಚ್ಚಾಗಿ ಹೋಗೋದ್ರಿಂದ ಹುಷಾರಿಗೆ ಎಡಗಿವಿ ಬಳಸೋ ರೂಢಿ ಇದೆ. ಅಕ್ಕಂಗೆ ಆಗಿದ್ದ ತೊಂದರೆ ಅಂದ್ರೆ ಟ್ರೇಗಸ್ ಕೆಂಪಾಗಿ ತುರಿಸಿದ್ದು, ಒಂದೆರಡು ಸಲ ತಲೆನೋವು. ನಾಡಿ ಯಾವತ್ತೂ 56ಕ್ಕಿಂತ ಕೆಳಗೆ ಬರಲಿಲ್ಲ.

ಆರು ವಾರದಲ್ಲಿ 11 ಸಲ ಎಎಫ್. ವಾರಕ್ಕೆ ಎರಡಕ್ಕೂ ಸ್ವಲ್ಪ ಕಮ್ಮಿ. ಉದ್ದದ್ದು 50 ನಿಮಿಷ. ಕೈಗಡಿಯಾರದಲ್ಲಿ ಎಚ್‌ಆರ್‌ವಿ, ಅಂದ್ರೆ ಬಡಿತದಿಂದ ಬಡಿತಕ್ಕಿರೋ ಅಂತರ ಎಷ್ಟು ಏರುಪೇರಾಗತ್ತೆ ಅನ್ನೋ ನಂಬರ್, ಏರಿದೆ ಅಂತ ಅಕ್ಕ ದಿನಾ ತೋರಿಸ್ತಿದ್ಲು, ನಾನು ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಲಯ ತಪ್ಪೋ ಹೃದಯದಲ್ಲಿ ಆ ನಂಬರಿಗೆ ಅರ್ಥ ಇರಲ್ಲ, ಅದೂ ಅಲ್ಲದೆ ಕಿವಿ ಪ್ರಚೋದನೆಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2021ರಲ್ಲಿ ನೋಡಿದಾಗ ಎಚ್‌ಆರ್‌ವಿ ಮೇಲೆ ಪರಿಣಾಮ ಇದೆ ಅನ್ನೋಕೆ ಆಧಾರ ಸಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಕ್ಲಿಪ್ ಕೆಲಸ ಮಾಡಿತು ಅಂತಲೇ ಬರೀತಿದ್ದೆನೇನೋ.

ಒಂಬತ್ತನೇ ವಾರ ಮುಗಿದಾಗ ಡೈರಿಯಲ್ಲಿ ಒಟ್ಟು 25 ಸಲ ಬರೆದಿದ್ವಿ. ಸುಮ್ನೆ ಹೊತ್ತಿನ ಪ್ರಕಾರ ಜೋಡಿಸಿ ನೋಡೋಣ ಅಂತ ಬೇರೆ ಹಾಳೆಗೆ ಇಳಿಸಿದೆ. 25ರಲ್ಲಿ 16 ರಾತ್ರಿ ಎರಡರಿಂದ ಐದು ಗಂಟೆ ಒಳಗೆ. ಕ್ಲಿಪ್ ಇಲ್ಲದಾಗ, ಹಾಲೆಯಲ್ಲಿದ್ದಾಗ, ಟ್ರೇಗಸ್‌ನಲ್ಲಿದ್ದಾಗ, ಮೂರೂ ಕಾಲದಲ್ಲಿ ಹಾಗೇ. ಡಾಕ್ಟ್ರು ಹೇಳಿದ ನಿದ್ದೆಯಲ್ಲಿ ಬರೋ ವೇಗಸ್ ಎಎಫ್ ನೆನಪಾಗಿ ಹೆದರಿದೆ, ನಾವೇ ಬೆಂಕಿಗೆ ತುಪ್ಪ ಸುರೀತಿದೀವಾ ಅಂತ. ಆ ಹೊತ್ತಿಗೆ ಏಳೋವಾಗ ಹೆಂಗಿರತ್ತೆ ಅಂತ ಅಕ್ಕನ್ನ ಕೇಳಿದ್ರೆ ಬಾಯಿ ಒಣಗಿರತ್ತೆ, ಬೆಳಿಗ್ಗೆ ತಲೆ ಭಾರ ಅಂದ್ಲು. ಪಕ್ಕದಲ್ಲಿದ್ದ ಭಾವನ್ನ ಕೇಳಿದೆ, ಭಾವ ನಿಮಗೇನಾದ್ರೂ ಗೊತ್ತಾಗತ್ತಾ ಅಂತ. "ಗೊರಕೆ ಹೊಡೀತಾ ಹೊಡೀತಾ ಒಂದ್ಸಲ ನಿಂತೇ ಹೋಗತ್ತಮ್ಮ, ಆಮೇಲೆ ಮುಳುಗಿದವರು ಮೇಲೆ ಬಂದಂಗೆ ಉಸಿರು ಎಳ್ಕೊಳ್ತಾಳೆ, ವರ್ಷಗಳಿಂದ ಹಂಗೇ" ಅಂದ್ರು. ಒಂದು ವರ್ಷದಲ್ಲಿ ಅಷ್ಟು ಸಲ ಆಸ್ಪತ್ರೆಗೆ ಹೋಗಿದ್ವಿ, ಯಾರೂ ಭಾವನ್ನ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸ್ಲೀಪ್ ಸ್ಟಡಿ ಮಾಡಿಸಿದ್ರು. ಗಂಟೆಗೆ 26 ಸಲ ಉಸಿರು ನಿಲ್ಲೋದು ಅಥವಾ ಕುಗ್ಗೋದು, ರಕ್ತದ ಆಕ್ಸಿಜನ್ 81 ಪರ್ಸೆಂಟ್ ತನಕ ಇಳಿದಿತ್ತು. ನಿದ್ದೆಯಲ್ಲಿ ಹಿಂಗೆ ಉಸಿರು ನಿಲ್ಲೋದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ, ಗಂಟೆಗೆ 15ರಿಂದ 30 ಇದ್ರೆ ಮಧ್ಯಮ. ಗಂಟಲು ಮುಚ್ಚಿಕೊಂಡಾಗ ಎದೆ ಗಾಳಿಗಾಗಿ ಒಳಗೊಳಗೇ ಎಳೆಯತ್ತೆ, ಆ ಎಳೆತಕ್ಕೆ ಹೃದಯದ ಮೇಲಿನ ಕೋಣೆಗಳ ತೆಳು ಗೋಡೆ ಹಿಗ್ಗತ್ತೆ, ಆಕ್ಸಿಜನ್ ಇಳಿಯತ್ತೆ, ಕೊನೆಗೆ ಮೆದುಳು ಗಾಬರಿಯಾಗಿ ಎಬ್ಬಿಸಿದಾಗ ಅಡ್ರಿನಲಿನ್ ಧುಮ್ಮಿಕ್ಕತ್ತೆ. ವೇಗಸ್ ಒಂದು ಕಡೆ, ಅದರ ಎದುರಾಳಿ ಸಿಂಪಥೆಟಿಕ್ ನರಗಳು ಇನ್ನೊಂದು ಕಡೆ, ಒಂದೇ ನಿಮಿಷದಲ್ಲಿ ಹೃದಯಾನ ಎರಡೂ ಕಡೆ ಜಗ್ಗಿದಂಗೆ. ನಾವು ಮಲಗೋ ಮುಂಚೆ ಒಂದು ಗಂಟೆ ನಾಜೂಕಾಗಿ ನರಾನ ಸವರಿ ಸಮಾಧಾನ ಮಾಡ್ತಿದ್ವಿ, ಆಮೇಲೆ ಏಳು ಗಂಟೆ ಅದೇ ನರಾನ ಮುಚ್ಚಿಕೊಳ್ಳೋ ಗಂಟಲು ಜಗ್ಗಾಡ್ತಿತ್ತು.

ಸ್ಟಡಿಗೆ, ರಿಪೋರ್ಟಿಗೆ ಕಾಯ್ತಾ ಎರಡು ವಾರ ಹೋಯ್ತು, ಕ್ಲಿಪ್ ಮುಂದುವರಿಸಿದ್ವಿ, ಮೂರು ಸಲ ಎಎಫ್ ಬಂತು. ಹನ್ನೆರಡನೇ ವಾರ ಸಿಪ್ಯಾಪ್ ಮಷೀನು ಬಂತು, ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತಡದಿಂದ ಗಂಟಲು ಮುಚ್ಚದ ಹಾಗೆ ಹಿಡಿಯೋದು. ಅಕ್ಕ ಕ್ಲಿಪ್ ಬಿಸಾಕೋಕೆ ರೆಡಿಯಾಗಿದ್ಲು, ಬೇಡ, ಒಂದೊಂದೇ ಬದಲಾಯಿಸೋಣ, ಇಲ್ಲಾಂದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ ಅಂದೆ. ಸಿಪ್ಯಾಪ್ ಮತ್ತು ಕ್ಲಿಪ್ ಎರಡೂ ಇದ್ದ ಆರು ವಾರದಲ್ಲಿ ಮೂರು ಸಲ. ಆಮೇಲೆ ಕ್ಲಿಪ್ ತೆಗೆದು ಬರೀ ಸಿಪ್ಯಾಪಲ್ಲಿ ನಾಲ್ಕು ವಾರ, ಎರಡು ಸಲ. ಎರಡರಲ್ಲೂ ವಾರಕ್ಕೆ ಅರ್ಧ, ಕ್ಲಿಪ್ ತೆಗೆದದ್ದರಿಂದ ಏನೂ ಕೆಡಲಿಲ್ಲ. ಬೆಳಗಿನ ತಲೆಭಾರ ಮೊದಲ ವಾರದಲ್ಲೇ ಹೋಗಿತ್ತು, ಬಿಪಿ ಮಾತ್ರೆಯನ್ನೂ ಡಾಕ್ಟ್ರು ಸ್ವಲ್ಪ ಇಳಿಸಿದಾರೆ. ಅಪಿಕ್ಸಬಾನ್ ಹಾಗೇ ಇದೆ, ಮುಂದೆನೂ ಇರತ್ತೆ.

ಹಂಗಾದ್ರೆ ಟ್ರೇಗಸ್ ಕಾಲದಲ್ಲಿ ಕಂಡ ಇಳಿತ ಏನು? ನಂಗನ್ನಿಸೋದು, ಸ್ವಲ್ಪ ನಿಜವಾದ ಪರಿಣಾಮ ಇದ್ದಿರಬಹುದು, ಆದ್ರೆ ವಾರಕ್ಕೆ ಎರಡೂಮುಕ್ಕಾಲು ಎರಡರ ಹತ್ರ ಬರೋದು ಎಎಫ್‌ನ ಸಹಜ ಏರಿಳಿತದಲ್ಲೂ ಆಗತ್ತೆ, ಆರು ವಾರದ ಲೆಕ್ಕ ಹಿಡಿದು ನಾನು ಪ್ರಮಾಣ ಮಾಡೋಕಾಗಲ್ಲ. ಇನ್ನೊಂದು ದೊಡ್ಡ ಕೊರತೆನೂ ಇದೆ. ನಾವು ಎಣಿಸಿದ್ದು ಅಕ್ಕಂಗೆ ಗೊತ್ತಾದ ಎಎಫ್ ಮಾತ್ರ, ಗೊತ್ತೇ ಆಗದೆ ಬಂದು ಹೋಗೋದು ಈ ಕಾಯಿಲೆಯಲ್ಲಿ ತುಂಬಾ ಇರತ್ತೆ. ಒಕ್ಲಹೋಮಾದ ಟ್ರಯಲಲ್ಲಿ ಎರಡೆರಡು ವಾರ ಬಿಡದೆ ಇಸಿಜಿ ತೆಗೆದಿದ್ರು, ನಮ್ಮದು ಅಂಥದ್ದಲ್ಲ.

ಅಕ್ಕ ಈಗ ಕ್ಲಿಪ್ ಮತ್ತೆ ಹಾಕ್ಕೋಬೇಕು ಅಂತಿದಾಳೆ, ಆ ಒಂದು ಗಂಟೆ ಅವಳಿಗೆ ಇಷ್ಟ. ಹಾಲೆಗೆ ಹಾಕಿದ್ರೂ ಅದೇ ನೆಮ್ಮದಿ ಸಿಗತ್ತಲ್ಲ ಅಕ್ಕ ಅಂದ್ರೆ, "ಗೊತ್ತು, ಆದ್ರೂ ಸರಿ ಜಾಗಕ್ಕೇ ಹಾಕು" ಅಂತಾಳೆ. ಡಾಕ್ಟ್ರು ಎದೆಗೆ ಅಂಟಿಸೋ 14 ದಿನದ ಇಸಿಜಿ ಪ್ಯಾಚ್ ಎರಡು ಬರ್ಕೊಟ್ಟಿದಾರೆ, ಒಂದು ಕ್ಲಿಪ್ ಇಲ್ಲದೆ, ಒಂದು ಕ್ಲಿಪ್ ಜೊತೆ, ಸಿಪ್ಯಾಪ್ ಎರಡರಲ್ಲೂ. ಮೊದಲನೇದು ಹೋದ ಸೋಮವಾರ ಅಂಟಿಸಿದೀವಿ.